ಬೆನ್ನ ಹಿಂದಿನ ಕೈ

"ಕೊಡಿ ಸಾರ್ ಇಲ್ಲಿ!" ಎನ್ನುತ್ತಲೇ ತರಬೇತಿ ಕೊಡಲು ಬಂದಿದ್ದವಳು ಮುದಿ ಪ್ರೊಫೆಸರರ ಕೈಯಡಿಯಿಂದ ಕೀಬೋರ್ಡ್ ಎಳೆದುಕೊಂಡಳು. ಸೂಪರ್ ಕಂಪ್ಯೂಟರಿಗೆ ಲೆಕ್ಕ ಕಳಿಸುವ ಒಂದೇ ಸಾಲಿನ ಆದೇಶದಲ್ಲಿ ಅವರು ಮತ್ತೆ ಮತ್ತೆ ಎಡವುತ್ತಿದ್ದರು. ಅವಳು ಪಟಪಟನೆ ಒತ್ತಿದಳು, ಕೆಲಸ ಮುಗಿಯಿತು.

ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಅವರು ತೊಡೆಯ ಮೇಲಿಟ್ಟುಕೊಂಡರು. "ನಿನ್ನ ಕೈ ಬಲು ಚುರುಕಮ್ಮ. ನಾನೆಲ್ಲಿ ತಪ್ಪಿದೆ ಅಂತ ಮಾತ್ರ ಗೊತ್ತಾಗ್ಲಿಲ್ಲ." ಅವಳು ಕೇಳಿಸದವಳಂತೆ ಮುಂದಿನ ಸಾಲಿನಲ್ಲಿ ಕೂತವರತ್ತ ಸರಿದಳು.

"ಪಕ್ಕದವರಿಗೆ ಹೇಳಿಕೊಡುವಾಗ ಕೈ ಬೆನ್ನ ಹಿಂದಿರಲಿ. ಬಾಯಲ್ಲಿ ಹೇಳಿ, ಒತ್ತೋದು ಅವರೇ ಒತ್ತಲಿ" ಎಂದು ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಬೆಳಿಗ್ಗೆ ತಾಕೀತು ಮಾಡಿದ್ದವಳು ಅವಳೇ. ಹೇಳುವುದು ಆಚಾರ, ಮಾಡುವುದು ಅನಾಚಾರ! ಅದು ನೆನಪಾಗಿ ಅವಳಿಗೆ ಮುಖ ಎತ್ತಲಾಗಲಿಲ್ಲ.

ಕ್ಷಮೆ ಕೇಳೋಣವೆಂದು ತಿರುಗಿದಳು. ಕೀಬೋರ್ಡಿನ ಮುಂದೆ ತಡವರಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕುರ್ಚಿಯ ಹಿಂದೆ ಪ್ರೊಫೆಸರರು ನಿಂತಿದ್ದರು. "ಅವಸರ ಇಲ್ಲ ಮಗು, ನೀನೇ ಓದಿ ನೋಡು," ಎನ್ನುತ್ತಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು.