ಎರಡಿಂಚು

ವಯಸ್ಸಾದವರು ಹಿಡಿದು ನಡೆಯುವ ಆ ವಾಕರ್‌ಗಳು ಚೀನಾದಲ್ಲಿ ಜೋಡಣೆಯಾಗಿ ಹಡಗಿನಲ್ಲಿ ಬರುತ್ತಿದ್ದವು. ಕಾಲುಗಳನ್ನು ಎರಡಿಂಚು ಗಿಡ್ಡ ಮಾಡಿದರೆ ಕಂಟೇನರಿನಲ್ಲಿ ಇನ್ನೂರು ಹೆಚ್ಚು ಹಿಡಿಯುತ್ತವೆ ಎಂದು ತೋರಿಸಿಕೊಟ್ಟವಳು ಕಂಪನಿಯ ಇಂಜಿನಿಯರ್ ಮಂದಾಕಿನಿ. ಎತ್ತರದವರು ಬಗ್ಗಬೇಕಾದೀತು ಎಂಬುದು ಅವಳಿಗೆ ಗೊತ್ತಿತ್ತು. ಸಾಗಾಟದ ಖರ್ಚು ಇಳಿಯಿತು, ಅವಳಿಗೆ ಬಡ್ತಿಯೂ ಸಿಕ್ಕಿತು.

ಒಂದು ದಿನ, ಮಂಡಿ ಆಪರೇಷನ್ ಆಗಿದ್ದ ತನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು ನೋಡಲು ಹೋದಳು. ಆರಡಿ ಎತ್ತರದ ಮೇಷ್ಟ್ರು ಅದೇ ವಾಕರ್ ಹಿಡಿದು, ಬೆನ್ನು ಬಗ್ಗಿಸಿಕೊಂಡು ಬಾಗಿಲಿಗೆ ಬಂದರು.

"ಬೆನ್ನು ನೋವಾ ಸರ್?"

"ವಯಸ್ಸಾಯ್ತಲ್ಲಮ್ಮ, ನೆಟ್ಟಗೆ ನಿಲ್ಲೋಕಾಗಲ್ಲ."

ಅವಳಿಗೆ ಅವರ ಮುಖ ನೋಡಲಾಗಲಿಲ್ಲ. "ಇದು ಬೇಡ ಸರ್. ನಿಮ್ಮ ಎತ್ತರಕ್ಕೆ ಬೇರೆ ತಂದುಕೊಡ್ತೀನಿ."

"ಬೇಡಮ್ಮ. ಮಗ ಬೇರೇದೇ ತಂದಿದ್ದ. ನಮ್ಮ ಮಂದಾಕಿನಿ ಮಾಡಿದ್ದೇ ಬೇಕು ಅಂತ ನಾನೇ ವಾಪಸ್ ಕಳಿಸ್ದೆ."