ಮೂರಕ್ಕೂ ನಾಲ್ಕಕ್ಕೂ ನಡುವೆ

“ಅವನಿಗೆ ಹೇಳು, ಗೋಡೆ ಕಡೆ ಮುಖ ಮಾಡ್ಕೊಂಡು ಕೂತ್ಕೊಳ್ಳಲಿ. ಆ ಮುಖ ನೋಡಿದ್ರೆ ನನಗೆ ಉಂಡಿದ್ದು ಅರಗಲ್ಲ,” ಎಂದ ದೊಡ್ಡಣ್ಣ.

“ಉಂಡಿದ್ದು ಯಾರ ಪಾಲು ಅಂತ ಮೊದಲು ಕೇಳು ಅವನನ್ನ,” ಎಂದ ಚಿಕ್ಕಣ್ಣ, ಊರುಗೋಲನ್ನು ಬಾಗಿಲಿಗೆ ಒರಗಿಸುತ್ತ.

ಇಬ್ಬರೂ ಹೇಳಿದ್ದು ತಂಗಿಗೆ. ಎರಡು ವರ್ಷದಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಬೈಗುಳವೂ ಅವಳ ಮೂಲಕವೇ ಹೋಗಬೇಕು. ತಂಗಿ ತನ್ನ ಫೋಟೋ ಸ್ಟುಡಿಯೋದ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ದೊಡ್ಡಣ್ಣ ಸ್ಟೂಲೊಂದನ್ನು ಕಾಲಿನಿಂದ ಒದ್ದ. ಅದು ಜಾರಿ ಚಿಕ್ಕಣ್ಣನ ಕುಂಟುಗಾಲಿನ ಹತ್ತಿರ ನಿಂತಿತು. ಅವನು ಅದರ ಮೇಲೆ ಕೂತು ಹಲ್ಲು ಕಡಿದ. ಇನ್ನು ಕೈಕೈ ಮಿಲಾಯಿಸುತ್ತಾರೆಂದು ತಂಗಿ ಮೇಜಿನ ಮೇಲಿದ್ದ ಕತ್ತರಿಯನ್ನು ಡ್ರಾಯರಿಗೆ ಸೇರಿಸಿದಳು.

ಅಪ್ಪ ಬರೆಸಿಟ್ಟು ಹೋದದ್ದು ಸರಳವಾಗಿತ್ತು. ಹೊಲ ಗಂಡುಮಕ್ಕಳಿಬ್ಬರಿಗೆ, ಕೊನೆಗೆ ಉಳಿಯುವ ಹಳ್ಳದ ಪಕ್ಕದ ತುಂಡು ಮಗಳಿಗೆ. ಆದರೆ ಗಡಿಕಲ್ಲು ಸರಿಸಿದ್ದಾನೆಂದು ಒಬ್ಬರನ್ನೊಬ್ಬರು ದೂರುವ ಅಣ್ಣಂದಿರ ನಡುವಿನ ಗಡಿ ತೀರ್ಮಾನವಾಗದೆ ಅವಳ ತುಂಡನ್ನು ಅಳೆಯುವಂತಿಲ್ಲ. ಅಳತೆಯವನು ನಾಲ್ಕು ಸಲ ಬಂದಿದ್ದ. ನಾಲ್ಕು ಸಲವೂ ಇವರಿಬ್ಬರ ಕೂಗಾಟಕ್ಕೆ ಬೇಸತ್ತು ಚೀಲ ಹೆಗಲಿಗೇರಿಸಿಕೊಂಡು ಹೋಗಿದ್ದ. ಅಷ್ಟರವರೆಗೆ ನೆಲ ಬೀಳು ಬೀಳಬಾರದೆಂದು ಆ ತುಂಡನ್ನು ಒಂದು ವರ್ಷ ಇವನು, ಒಂದು ವರ್ಷ ಅವನು ಉಳುತ್ತಿದ್ದರು; ಬೆಳೆ ಉತ್ತವನಿಗೆ. ಆ ಸರದಿಯ ವಿಷಯದಲ್ಲಿ ಮಾತ್ರ ತಕರಾರು ಎದ್ದಿರಲಿಲ್ಲ. ತಂಗಿ ಸ್ಟುಡಿಯೋದ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುತ್ತಿದ್ದಳು. ಹಳ್ಳದ ಕಡೆ ಮುಖವಿರುವ ಎರಡು ಕೋಣೆ ಕಟ್ಟಿಕೊಂಡರೆ ಅವಳಿಗೆ ಸಾಕಿತ್ತು.

ಈ ಸಲ ಅಳತೆಯವನು ಕಡ್ಡಿ ಮುರಿದಂತೆ ಹೇಳಿದ್ದ. ಗಡಿಕಲ್ಲುಗಳ ಇಡೀ ಸಾಲು ಒಂದೇ ಚಿತ್ರದಲ್ಲಿ ಕಾಣಬೇಕು, ಇಂದು ಸಂಜೆ ಐದರೊಳಗೆ ಕೈಸೇರಬೇಕು. ಇಲ್ಲವಾದರೆ ಅಳತೆಯ ಅರ್ಜಿಯೇ ವಜಾ.

ಅವಳೇ ಹೊರಟಿದ್ದಳು. ಚಿಕ್ಕಣ್ಣ ಅಲ್ಲಿ ಕತ್ತಿ ಹಿಡಿದು ಕಾಯುತ್ತಿದ್ದಾನೆ, ಹೆಣ್ಣುಮಗಳಿಗೆ ಬೇಡ ಎಂದು ದೊಡ್ಡಣ್ಣ ಕ್ಯಾಮೆರಾ ಇಸಿದುಕೊಂಡ. ದಿಬ್ಬದ ಮೇಲೆ ನಿಲ್ಲು, ಕಾಲು ಕದಲಿಸಬೇಡ, ಸೊಂಟ ಮಾತ್ರ ತಿರುಗಿಸು, ಒಂದು ಫೋಟೋದ ಮೂರರಲ್ಲೊಂದು ಪಾಲು ಮುಂದಿನದರಲ್ಲೂ ಬರಲಿ, ಆಮೇಲೆ ಜೋಡಿಸಿ ಒಂದು ಮಾಡುತ್ತೇನೆ ಎಂದು ಅವಳು ಹೇಳಿಕೊಟ್ಟಿದ್ದಳು. ಬೆಳಗ್ಗೆ ಜೀವ ಕೈಯಲ್ಲಿ ಹಿಡಿದುಕೊಂಡು ಒಬ್ಬನೇ ಹೋಗಿ ಬಂದೆನೆಂದು ಅವನು ಏಳು ಫೋಟೋ ತಂದ. ಆ ದಿಬ್ಬಕ್ಕೆ ಕಾಲಿಟ್ಟು ತನಗೆ ಎರಡು ವರ್ಷವಾಯಿತು, ಬೆನ್ನ ಹಿಂದೆ ತೆಗೆದದ್ದನ್ನು ಒಪ್ಪುವುದಿಲ್ಲ ಎಂದು ಚಿಕ್ಕಣ್ಣ ಆಗಲೇ ಪಟ್ಟು ಹಿಡಿದಿದ್ದ.

ಹಳೆಯ ಕಂಪ್ಯೂಟರು ದೊಡ್ಡ ತಂತ್ರಾಂಶಗಳ ಭಾರ ತಾಳುತ್ತಿರಲಿಲ್ಲ. ಅವಳು ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪಿಸಿಯೇ ಫೋಟೋ ಜೋಡಿಸುತ್ತಿದ್ದಳು. ಎಂಟರ್ ಒತ್ತಿದಳು. ಸಾಲುಗಳು ಓಡಿದವು. ಒಂದನೆಯ ಫೋಟೋಗೂ ಎರಡನೆಯದಕ್ಕೂ ನಲವತ್ತು ಗುರುತು ಹೊಂದಿದವು. ಎರಡಕ್ಕೂ ಮೂರಕ್ಕೂ ಮೂವತ್ತೊಂದು. ಮೂರಕ್ಕೂ ನಾಲ್ಕಕ್ಕೂ ಸೊನ್ನೆ.

ಆ ಎರಡೂ ಫೋಟೋ ತೆರೆದು ನೋಡಿದಳು. ಇವುಗಳ ನಡುವೆ ಬೆರಳಗಲದಷ್ಟೇ ಜಾಗ ಕೂಡಿತ್ತು. ಸಾಲದ್ದಕ್ಕೆ ಬೆಳಗಿನ ಬಿಸಿಲಿಗೆ ತೆಗೆದವನ ನೆರಳು ಇದರ ಅಂಚಿಗೂ ಅದರ ಅಂಚಿಗೂ ಬಿದ್ದಿತ್ತು.

“ಇಲ್ಲಿ ಬೇಗ ತಿರುಗಿಬಿಟ್ಟಿದ್ದೀಯಣ್ಣ. ಕೂಡ್ತಾ ಇಲ್ಲ.”

“ಆಗಲ್ಲ ಅಂದ್ರೆ ಬಿಡು ತಂಗಿ,” ಎಂದ ದೊಡ್ಡಣ್ಣ.

“ಹೂಂ, ಬಿಡು. ಯಾಕೆ ಕಣ್ಣು ಹಾಳು ಮಾಡ್ಕೊಳ್ತೀಯ,” ಎಂದ ಚಿಕ್ಕಣ್ಣ.

ಎರಡು ವರ್ಷದಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಇದೇ ಮೊದಲು. ಹೀಗೇ ಒಂದೊಂದಾಗಿ ಒಪ್ಪುತ್ತ ಬಂದರೆ ಗಡಿಯನ್ನೂ ಒಪ್ಪಿಯಾರು ಎಂದುಕೊಂಡಳು.

ಅವಳು ಬಿಡಲಿಲ್ಲ. ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ಹುಡುಕಿದಳು. ಒಂದು ಕಲ್ಲಿನ ಸೀಳು, ಹುಲ್ಲಿನ ಒಂದು ಗಂಟು, ಹುತ್ತದ ತುದಿ, ಮುರಿದ ಒಂದು ಗೂಟ. ಇದರಲ್ಲಿ ಎಲ್ಲಿ, ಅದರಲ್ಲಿ ಎಲ್ಲಿ ಎಂದು ಅಂಕಿಗಳನ್ನು ಕೈಯಾರೆ ಬರೆದು ತುಂಬಿದಳು. ಬೆನ್ನ ಹಿಂದೆ ಜಗಳ ಮತ್ತೆ ಹೊತ್ತಿಕೊಂಡಿತು, ಈಗ ಮೊದಲಿಗಿಂತ ಜೋರು. ಇನ್ನೊಂದು ಕಾಲನ್ನೂ ಮುರಿಯುತ್ತೇನೆಂದು ಹೇಳು ಎಂದ ಒಬ್ಬ. ಮುರಿಯುವ ಗಂಡಸು ಇನ್ನೂ ಹುಟ್ಟಿಲ್ಲವೆಂದು ಹೇಳು ಎಂದ ಇನ್ನೊಬ್ಬ. ಅವಳು ಅಂಕಿ ತುಂಬುತ್ತಲೇ ಇದ್ದಳು.

ನಾಲ್ಕೂ ಮುಕ್ಕಾಲಿಗೆ ಎಂಟರ್ ಒತ್ತಿದಳು. ಸೊನ್ನೆಯ ಜಾಗದಲ್ಲಿ ನಾಲ್ಕು ಎಂದು ಬಂತು. ನಾಲ್ಕು ಸಾಕು. ಫೋಟೋಗಳು ಬಾಗಿ, ಒಂದರೊಳಗೊಂದು ಬೆಸೆದುಕೊಂಡು, ಪರದೆಯ ಈ ತುದಿಯಿಂದ ಆ ತುದಿಗೆ ಹೊಲ ಹಾಸಿಕೊಂಡಿತು. ಹನ್ನೊಂದು ಗಡಿಕಲ್ಲು, ದಾರ ಹಿಡಿದಂತೆ ನೇರ. ಯಾರೂ ಯಾವ ಕಲ್ಲನ್ನೂ ಕಿತ್ತಿರಲಿಲ್ಲ, ಸರಿಸಿರಲಿಲ್ಲ.

ಹಾಗಾದರೆ ಇಷ್ಟು ದಿನ ಇವರು ಹೊಡೆದಾಡಿದ್ದು ಯಾವುದಕ್ಕೆ? ಕೇಳಲು ತಿರುಗುವವಳಿದ್ದಳು. ಅಷ್ಟರಲ್ಲಿ ಕಣ್ಣು ಚಿತ್ರದ ಕೆಳಕ್ಕೆ, ಮೂರೂ ನಾಲ್ಕೂ ಕೂಡಿದ ಜಾಗಕ್ಕೆ ಇಳಿಯಿತು.

ಅಲ್ಲಿ ನೆರಳು ಒಂದಲ್ಲ, ಎರಡು: ಒಂದು ಕ್ಯಾಮೆರಾ ಎತ್ತಿ ಹಿಡಿದಿತ್ತು, ಊರುಗೋಲಿನ ಮೇಲೆ ಭಾರ ಬಿಟ್ಟ ಇನ್ನೊಂದರ ತೋಳು ಅದರ ಹೆಗಲ ಮೇಲಿತ್ತು.