ನೋವಿನ ಪಾಳಿ

ಮಕ್ಕಳ ನೋವನ್ನು ಅರ್ಧ ಗಂಟೆ ಹೆತ್ತವರ ಮೈಗೆ ಇಳಿಸಿಕೊಡುವ ತೋಳುಪಟ್ಟಿ ಆಸ್ಪತ್ರೆಗಳಿಗೆ ಬಂದು ನಾಲ್ಕು ವರ್ಷವಾಗಿತ್ತು. ಹುಬ್ಬಳ್ಳಿಯ ಒಂದು ಮಕ್ಕಳ ವಾರ್ಡಿನಲ್ಲಿ, ವಾಸಿಯಾಗದ ಕಾಯಿಲೆಯ ಹತ್ತು ವರ್ಷದ ಚಿನ್ಮಯಿಗಾಗಿ ಬೆಳಿಗ್ಗೆ ತಾಯಿ ಸುವರ್ಣಳ ಪಾಳಿ, ಮಧ್ಯಾಹ್ನ ತಂದೆ ಅಡಿವೆಪ್ಪನದು.

ತನ್ನ ಪಾಳಿ ಮುಗಿದಾಗ ಸುವರ್ಣ ಗೋಡೆ ಹಿಡಿದು ನಡೆಯುತ್ತಿದ್ದಳು. ಅಡಿವೆಪ್ಪ ಮಾತ್ರ ನಗುತ್ತ ಹೊರಬರುತ್ತಿದ್ದ. ಇವನು ಪಟ್ಟಿ ಬಂದ್ ಮಾಡಿಸಿಕೊಂಡು ಕೂಡುತ್ತಾನೆ, ಮಗಳು ಒಬ್ಬಳೇ ನರಳುತ್ತಾಳೆ ಎಂಬ ಗುಮಾನಿ ಅವಳಲ್ಲಿ ಬಲಿಯಿತು.

“ನಮ್ಮನಿಯವರ ಪಟ್ಟಿ ಖರೇನ ಚಾಲೂ ಇರತೈತೇನ್ರಿ?” ಎಂದು ಪಟ್ಟಿಗಳ ಉಸ್ತುವಾರಿಯ ನರ್ಸ್ ರೇಣುಕಾಳನ್ನು ಕೇಳಿದಳು.

“ಪೂರಾ ಚಾಲೂ ಇರತೈತ್ರಿ. ಆದ್ರ ಅವರ ಪಾಳ್ಯಾಗ ಹುಡುಗೀಗೆ ನೋವ ಕಮ್ಮಿ. ಯಾಕಂತ ನಮಗೂ ತಿಳದಿಲ್ಲ.”

ಸುವರ್ಣ ನಂಬಲಿಲ್ಲ. ಮರುದಿನ ಮಧ್ಯಾಹ್ನ ಪರದೆಯ ಹಿಂದೆ ನಿಂತಳು. ಅಡಿವೆಪ್ಪನ ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ಮಂಚದ ಸರಳನ್ನು ಬಿಗಿಹಿಡಿದಿತ್ತು. ಆದರೂ ಅವನು ತಾನು ಕಂಡಕ್ಟರ್ ಆಗಿದ್ದ ಬಸ್ಸಿನಲ್ಲಿ ಜಗಳವಾಡಿದ ಅಜ್ಜಿಯ ದನಿ ಅಣಕಿಸುತ್ತಿದ್ದ. ಚಿನ್ಮಯಿ ನಗುತ್ತಿದ್ದಳು.

“ಅವ್ವ ಬರೇ ಎಷ್ಟ ನೋವೈತಿ ಅಂತ ಕೇಳತಾಳಪ್ಪ,” ಎಂದಳು. “ಕೇಳಿದಾಗೆಲ್ಲ ನೆನಪಾಗತೈತಿ.”

ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡ ಸುವರ್ಣ, ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡಳು.

“ನಿಮ್ಮಪ್ಪ ನನ್ನ ನೋಡಾಕ ಬಂದ ದಿನ ಏನಾತು ಗೊತ್ತೈತೇನು?”

ಚಿನ್ಮಯಿಯ ಮುಖ ಸಣ್ಣದಾಯಿತು. “ಯಾಕವ್ವಾ, ಡಾಕ್ಟರ್ ಏನರ ಅಂದ್ರೇನು?”

“ಯಾರೂ ಏನೂ ಅಂದಿಲ್ಲ. ಅವತ್ತ ನಿಮ್ಮಪ್ಪ ಉಪ್ಪಿಟ್ಟಿನ ತಾಟಿನ ಮ್ಯಾಲ ಕುಂತುಬಿಟ್ಟಿದ್ದ.”

ಮಗಳು ಅನುಮಾನದಿಂದ ತಾಯಿಯನ್ನೇ ದಿಟ್ಟಿಸಿದಳು. ಆಮೇಲೆ ಕೇಳಿದಳು:

“ಬಿಸಿ ಇತ್ತೇನು?”